ಸಿನಾಪಾತಿಯ ಸೇತುವೆ

"ಅಕ್ಕಾ, ಈ ಸಲಾನೂ ಸೇತುವೇನ ನೀನೇ ಕೂಗಿಬಿಡು. ನಿನ್ನ ಗಂಟಲಲ್ಲಿ ಬಂದ್ರೆ ಅದರ ತೂಕಾನೇ ಬೇರೆ."

ಅಡುಗೆಮನೆಯ ಹಿಂದೆ ನಿಂತು ಲೆಮಾನಾ ಹೀಗೆ ಪಿಸುಗುಡುವಾಗ ಅವನು ಸೊಂಟಕ್ಕೆ ಸುತ್ತಿದ್ದ ಲಾವಾಲಾವಾ ಪಂಚೆಯ ಅಂಚಿನಿಂದ ಹೊಳೆಯ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಪಕ್ಷದ ಕಾರುಗಳೆಲ್ಲ ಆಚೆ ದಡದಲ್ಲೇ ನಿಂತಿದ್ದವು. ಸಂಸತ್ ಸದಸ್ಯ ಬಂದನೆಂದು ಹೊಳೆಯೇನೂ ಅವನಿಗೆ ದಾರಿ ಬಿಟ್ಟಿರಲಿಲ್ಲ.

ಕೆಸುವಿನ ಎಲೆಗೆ ತೆಂಗಿನಹಾಲು ಸುರಿದು ಮಡಚುತ್ತಿದ್ದ ಸಿನಾಪಾತಿ ತಲೆ ಎತ್ತಲಿಲ್ಲ. "ಹೋದ ಸಲ ಕೂಗಿದ್ದಕ್ಕೇ ಸಾಕಾಗಿದೆ ಮಾರಾಯ."

ಸಮೋವಾದ ಆ ಊರಿನಲ್ಲಿ ನೆಂಟರು ತಂದದ್ದನ್ನೆಲ್ಲ ಸಭಾಮನೆಯ ಮುಂದೆ ಚಾಪೆಯ ಮೇಲೆ ಹರಡಬೇಕು. ಆಮೇಲೆ ಒಬ್ಬರು ಎದ್ದುನಿಂತು ಒಂದೊಂದನ್ನೂ ಊರಿಗೆಲ್ಲ ಕೇಳುವಂತೆ ಕೂಗಬೇಕು. ಕೂಗಿದ್ದು ಊರಿಗೆ ಸಂದ ಹಾಗೆ, ಮತ್ತೆ ಆ ಬಗ್ಗೆ ಮಾತಿಲ್ಲ. ಆ ಕೆಲಸ ಸಿನಾಪಾತಿಯದು. ಐದು ವರ್ಷದ ಹಿಂದೆ ಚಿಕ್ಕಮ್ಮನ ಮಗ ಲೆಮಾನಾ ಮೊದಲ ಸಲ ಚುನಾವಣೆಗೆ ನಿಂತು ಬಂದಾಗ, ಬಿಸ್ಕತ್ತಿನ ಡಬ್ಬಗಳ ಜೊತೆಗೆ ಮೂರು ಭರವಸೆಗಳನ್ನೂ ತಂದಿದ್ದ. ಶಾಲೆಗೆ ಮಾಡು, ಊರಿಗೊಬ್ಬ ನರ್ಸು, ಹೊಳೆಗೆ ಸೇತುವೆ. ಕಂಕುಳಲ್ಲಿ ಎತ್ತಿ ಆಡಿಸಿದ ಹುಡುಗ ಹಾಗೆ ನಿಂತು ಮಾತಾಡುವುದನ್ನು ಕಂಡು ಅವಳಿಗೆ ಎದೆ ಉಬ್ಬಿಹೋಯಿತು. ಡಬ್ಬಗಳನ್ನೆಲ್ಲ ಕೂಗಿ ಮುಗಿಸಿದವಳು, ಚಾಪೆಯ ಮೇಲೆ ಇಲ್ಲದ್ದನ್ನೂ ಕೂಗಿಬಿಟ್ಟಳು. "ಸೇತುವೆ ಒಂದು! ಕಾಂಕ್ರೀಟಿನದ್ದು!"

ಅಂದಿನಿಂದ ಆ ಹೊಳೆ ದಾಟುವ ಜಾಗಕ್ಕೆ ಅವಳ ಹೆಸರೇ ಬಿತ್ತು. "ಹುಷಾರು, ಸಿನಾಪಾತಿಯ ಸೇತುವೆ ಜಾರುತ್ತೆ" ಎನ್ನುತ್ತ ಜನ ಲಾವಾಲಾವಾ ಎತ್ತಿಕಟ್ಟಿ ನೀರಿಗಿಳಿಯುತ್ತಿದ್ದರು. ಪೂಜೆಗೆ ತಡವಾಗಿ ಬಂದ ಪಾದ್ರಿಯೂ ಒಮ್ಮೆ ಅದನ್ನೇ ದೂರಿದ. ಅವಳೂ ಎಲ್ಲರ ಜೊತೆ ನಗುತ್ತಿದ್ದಳು. ಆದರೆ ಮದುವೆ ಮನೆಯಲ್ಲಿ ಅವಳು ಹಂದಿಯನ್ನೋ ಚಾಪೆಯನ್ನೋ ಕೂಗಿದಾಗ ಹಿಂದಿನಿಂದ ಯಾರಾದರೂ "ನೋಡಿ ಕೂಗ್ತಿದ್ದೀಯ ತಾನೆ?" ಎಂದರೆ ಮಾತ್ರ ಜೀವ ಹಿಂಡಿದಂತಾಗುತ್ತಿತ್ತು. ಅವಳಿಗಿದ್ದ ಆಸ್ತಿಯೆಂದರೆ ಆ ಗಂಟಲು, ಅದನ್ನು ನಂಬುವ ಊರು.

ಇಂದೂ ಸುಳ್ಳು ಕೂಗಿದರೆ ಅದೂ ಹೋಯಿತು. ಕೂಗದಿದ್ದರೆ ತಮ್ಮನ ಮಾನ ಹೋಗುತ್ತದೆ. ನೆಂಟನನ್ನು ಅವಮಾನಿಸಿದ್ದಕ್ಕೆ ಊರ ಹಿರಿಯರು ದಂಡ ಹಾಕಿದರೆ ಮನೆಯಲ್ಲಿದ್ದ ಒಂದೇ ಹಂದಿಯೂ ಹೋಗುತ್ತದೆ.

ಸಭಾಮನೆಯಲ್ಲಿ ಕಂಬಕ್ಕೊಬ್ಬರಂತೆ ಹಿರಿಯರು ಒರಗಿ ಕುಳಿತಿದ್ದರು. ಲೆಮಾನಾ ಚೆನ್ನಾಗಿಯೇ ಮಾತಾಡಿದ. ಸೇತುವೆಯ ನಕ್ಷೆ ಸಿದ್ಧವಾಗಿದೆ, ಗೆದ್ದುಬಂದರೆ ಕೆಲಸ ಶುರು ಎಂದ. ಯಾರೋ ಕೆಮ್ಮಿದರು. ಎಲ್ಲರ ಕಣ್ಣುಗಳೂ ಸಿನಾಪಾತಿಯತ್ತ ತಿರುಗಿದವು.

ಅವಳು ಎದ್ದು ಅಂಗಳಕ್ಕಿಳಿದು ಉಪ್ಪುಮಾಂಸ, ಮೀನಿನ ಡಬ್ಬ, ಬಿಸ್ಕತ್ತು ಎಲ್ಲವನ್ನೂ ಕೂಗಿದಳು. ಅಷ್ಟಕ್ಕೇ ಕೂರಲಿಲ್ಲ.

"ಹೋದ ಸಲ ಹೇಳಿದ್ದು! ಶಾಲೆಯ ಮಾಡು, ಬಂತು! ಒಂದು ಹನಿಯೂ ಸೋರಲ್ಲ!"

ಜನ ಚಪ್ಪಾಳೆ ತಟ್ಟಿದರು. ಲೆಮಾನಾನ ಮುಖ ಅರಳಿತು.

"ನರ್ಸಮ್ಮ, ಬಂದಳು! ನಮ್ಮ ಹುಡುಗನನ್ನೇ ಕಟ್ಟಿಕೊಂಡು ಇಲ್ಲೇ ಉಳಿದಳು! ಅದನ್ನ ನೀವು ಹೇಳೂ ಇರಲಿಲ್ಲ, ಅದಕ್ಕೂ ಉಪಕಾರ!"

ನರ್ಸು ನಾಚಿ ಬೀಸಣಿಗೆಯ ಹಿಂದೆ ಮುಖ ಮುಚ್ಚಿಕೊಂಡಳು. ಇನ್ನುಳಿದದ್ದು ಒಂದೇ. ಸಿನಾಪಾತಿ ಅದನ್ನು ಕೂಗದೆ, ನೆಂಟರಿಗೆ ಊರು ಕೊಡುವ ಮರುಕಾಣಿಕೆಗೆ ಹೊರಳಿದಳು. ಸುಟ್ಟ ಹಂದಿ ಕೂಗಿದಳು, ನೇಯ್ದ ಚಾಪೆ ಕೂಗಿದಳು. ಆಮೇಲೆ ಉಸಿರು ತುಂಬಿಕೊಂಡಳು.

"ಕೊನೆಯದು! ಐದು ವರ್ಷದ ಹಿಂದೆ ನಮ್ಮ ಲೆಮಾನಾ ಕೊಟ್ಟ ಸೇತುವೆ! ಜೋಪಾನವಾಗಿ ಇಟ್ಟಿದ್ದೀವಿ! ಒಬ್ಬರೂ ತುಳಿದಿಲ್ಲ, ಒಂದು ಗೀರೂ ಬಿದ್ದಿಲ್ಲ! ಹೊಸದರ ಹಾಗೇ ವಾಪಸ್ ಕೊಡ್ತಾ ಇದ್ದೀವಿ!"

ಹಿರಿಯ ತೊಯೆಲೌನ ಕೈಯಲ್ಲಿದ್ದ ನೊಣ ಓಡಿಸುವ ಕುಂಚ ಅಲ್ಲಾಡದೆ ನಿಂತಿತು.

ಲೆಮಾನಾ ಅಕ್ಕನನ್ನೇ ನೋಡಿದ. ಕೊಟ್ಟ ಕಾಣಿಕೆಯನ್ನು ಎತ್ತಿ ತಲೆಗೆ ಮುಟ್ಟಿಸಿಕೊಳ್ಳದಿದ್ದರೆ ಮರ್ಯಾದೆಯಲ್ಲ. ಅಕ್ಕನ ಕೈಯಿಂದ ಬಂದದ್ದನ್ನಂತೂ ಬೇಡವೆನ್ನುವ ಹಾಗೇ ಇಲ್ಲ. ಅವನು ನಿಧಾನವಾಗಿ ಅಂಗಳಕ್ಕೆ ಬಂದ. ಚಾಪೆಯ ಖಾಲಿ ಮೂಲೆಯ ಮುಂದೆ ಬಗ್ಗಿ, ಎರಡೂ ಕೈ ಚಾಚಿ, ಉಸಿರು ಕಟ್ಟಿ, ತಿಣುಕಿ ಮೇಲೆತ್ತಿ ತಲೆಯ ಮೇಲೆ ಇಟ್ಟುಕೊಂಡ.

"ಭಾರ ಇದೆ ಅಕ್ಕಾ."

"ಇರುತ್ತೆ. ಕಾಂಕ್ರೀಟು."

ಸಭಾಮನೆಗೆ ಸಭಾಮನೆಯೇ ನಕ್ಕುಬಿಟ್ಟಿತು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ತೊಯೆಲೌ ಬಿದ್ದುಹೋದ ಕಟ್ಟುಹಲ್ಲು ಹುಡುಕುತ್ತಲೇ, "ತಮ್ಮಾ, ಇನ್ನೊಂದ್ಸಲ ತರೋವಾಗ ಬಾಯಲ್ಲಿ ತರ್ಬೇಡ," ಎಂದ. "ಅದರ ಮೇಲೆ ಕಾರು ಓಡಿಸ್ಕೊಂಡು ಬಾ. ನಾವೇ ನೋಡಿ ಕೂಗ್ಕೋತೀವಿ." ದಂಡದ ಮಾತು ಯಾರ ಬಾಯಲ್ಲೂ ಬರಲಿಲ್ಲ. ಲೆಮಾನಾ ಕಣ್ಣೊರೆಸಿಕೊಂಡು ನಗುತ್ತಿದ್ದ. ಸಿನಾಪಾತಿಗೆ ಅವನನ್ನು ಮತ್ತೆ ಕಂಕುಳಿಗೆ ಎತ್ತಿಕೊಳ್ಳುವಷ್ಟು ಪ್ರೀತಿ ಉಕ್ಕಿತು.

ಊಟವಾಗಿ ನೆಂಟರು ಹೊರಟಾಗ ಊರೆಲ್ಲ ಹೊಳೆಯವರೆಗೆ ಬಂತು. ಹೊತ್ತು ದಾಟಿಸಲು ಯುವಕರು ಬೆನ್ನು ಕೊಟ್ಟರು. ಲೆಮಾನಾ ಬೇಡವೆಂದು ತಲೆಯಾಡಿಸಿ, ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿ, ಏನನ್ನೋ ಹೊತ್ತವನ ಹಾಗೆ ನೀರಿಗಿಳಿದ.

"ಸಿನಾಪಾತಿಯ ಸೇತುವೆ ಜಾರುತ್ತೆ, ನೋಡ್ಕೊಂಡು..." ಎಂದು ಶುರು ಮಾಡಿದ ಮುದುಕಿ ಫಾಸೆಗಾ ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡಳು. "ಅಲ್ಲಲ್ಲ. ಇನ್ಮೇಲೆ ಲೆಮಾನಾಂದು."

ನೀರು ಅವನ ಸೊಂಟಕ್ಕೆ ಬಂತು. ಒಮ್ಮೆ ತೂರಾಡಿದ. ದಡದಲ್ಲಿ ನಿಂತ ಸಿನಾಪಾತಿ ಆಚೆ ಕಾರುಗಳಿಗೂ ಕೇಳುವಂತೆ ಕೂಗಿದಳು. "ಹುಷಾರು ತಮ್ಮಾ! ಬೀಳಿಸ್ಬೇಡ!"

ಆಚೆ ದಡ ಹತ್ತಿ, ಕಾರಿನವನು ಬಾಗಿಲು ತೆರೆದು ಹಿಡಿದ ಮೇಲೂ ಅವನು ಕೈ ಇಳಿಸಲಿಲ್ಲ.