ಅಂಗೈ ಕಪ್ಪಾಗದ ಗರಗ

ಮಂಡಿಪೇಟೆಯ ನಮ್ಮ ಓಣಿಯಲ್ಲಿ ಯಾರ ಜಡೆ ಸೊಂಟ ದಾಟಿದ್ದರೂ ಅದಕ್ಕೆ ಕಾರಣ ಕಸ್ತೂರಮ್ಮನ ಗರಗದ ಸೊಪ್ಪಿನ ಎಣ್ಣೆ, ಅಂದರೆ ಭೃಂಗರಾಜ ತೈಲ. ಕಸ್ತೂರಮ್ಮ ಎಂದರೆ ನಾನೇ. ಮೂವತ್ತು ವರ್ಷದಿಂದ ಕಾಸಿ ಹಂಚುತ್ತಿದ್ದೇನೆ. ನಮ್ಮ ಯಜಮಾನರ ಬೋಳುತಲೆಯ ಮಾತು ಮಾತ್ರ ಯಾರೂ ಎತ್ತಬಾರದು. ಅದು ಅವರ ತಂದೆಯ ಕಡೆಯಿಂದ ಬಂದ ಆಸ್ತಿ.

ಆಷಾಢ ಮುಗಿಸಿಕೊಂಡು ಹೊಸ ಸೊಸೆ ವಾಣಿ ಹರಿಹರದ ತವರಿನಿಂದ ಬಂದಳು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಬಂದ ದಿನವೇ ನನ್ನ ಸೊಪ್ಪಿನ ಬುಟ್ಟಿಗೆ ಕೈ ಹಾಕಿದಳು.

"ಅತ್ತೆ, ಇದು ಗರಗ ಅಲ್ರಿ. ಗರಗದ ಹೂ ಪೂರ್ತಿ ಬಿಳಿ, ತೊಟ್ಟು ಗಿಡ್ಡ. ಇದರ ನಡುವೆ ಹಳದಿ ಐತೆ ನೋಡ್ರಿ, ತೊಟ್ಟು ಗೇಣುದ್ದ. ಇದು ಹೊರದೇಶದಿಂದ ಬಂದ ಕಳೆ."

ಮೈಯೆಲ್ಲ ಉರಿಯಿತು. ಇವಳು ಹುಟ್ಟುವ ಮೊದಲಿನಿಂದ ಕಾಸುತ್ತಿರುವ ಎಣ್ಣೆ!

"ಅಂಗೈಗೆ ತಿಕ್ಕಿದ್ರೆ ಕಪ್ಪಾಗ್ತೈತೆ, ನೋಡವ್ವಾ. ನಮ್ಮವ್ವ ಹೇಳಿಕೊಟ್ಟಿದ್ದು," ಎಂದು ನಾನೇ ಎಲೆ ಹಿಚುಕಿ ತಿಕ್ಕಿಕೊಂಡೆ. ಕಾದೆವು. ಚಹಾ ಕುಡಿದೆವು. ಅಂಗೈ ಹಸಿರಾಗಿಯೇ ಇತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಆ ಪರೀಕ್ಷೆಯನ್ನು ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾಡಿರಲಿಲ್ಲ.

ಸೊಪ್ಪು ತರುವ ಲೋಕಿಕೆರೆಯ ಗಿರಿಯಮ್ಮನಿಗೆ ಫೋನ್ ಹಚ್ಚಿದೆ.

"ಗರಗ ಗದ್ದಿ ಬದುವಿನಾಗ, ತ್ಯಾವದ ಹುಲ್ಲಾಗ ಇರ್ತೈತ್ರಿ ಅಕ್ಕಾರ. ಅಲ್ಲಿ ಹಾವು. ಬಿಳಿ ಹೂ ಇದ್ರೆ ಸಾಕು ಅಂದಿದ್ರಲ್ರಿ ನೀವು? ಇದು ಬಸ್‌ಸ್ಟ್ಯಾಂಡ್ ಹಿಂದೇನೇ ಸಿಗ್ತೈತೆ."

ಓಣಿಗೆ ಗೊತ್ತಾದರೆ ನನ್ನ ಹೆಸರು ಮಣ್ಣುಪಾಲು. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ವಾಣಿಯ ಕೈ ಹಿಡಿದು, "ಯಾರಿಗೂ ಹೇಳಬ್ಯಾಡವ್ವಾ" ಎಂದೆ. ಪುಣ್ಯಾತ್ಗಿತ್ತಿ, ಹೇಳಲಿಲ್ಲ. ಮರುದಿನ ತಾನೇ ಕಾಲುವೆ ಪಕ್ಕದ ಕೆಸರಿಗಿಳಿದು, ಉಗುರಿನಷ್ಟು ಬಿಳಿ ಹೂವಿನ ನಿಜವಾದ ಗರಗ ತಂದಳು. ತಿಕ್ಕಿದ ತುಸು ಹೊತ್ತಿಗೆ ನನ್ನ ಅಂಗೈ ಕಪ್ಪಾಯಿತು. ಕಣ್ಣಲ್ಲಿ ನೀರು ಬಂತು. ಜನ್ಮದಲ್ಲಿ ಮೊದಲ ಸಲ ಅಸಲಿ ಎಣ್ಣೆ ಕಾಸಿ ಮನೆಮನೆಗೂ ಕೊಟ್ಟೆ.

ಹದಿನೈದು ದಿನಕ್ಕೆ ಎದುರುಮನೆ ಪ್ರೇಮಲತಾ ಬಾಟಲಿ ವಾಪಸ್ ತಂದಳು.

"ಕಸ್ತೂರಮ್ಮಾರ, ಬೇಜಾರ್ ಮಾಡ್ಕೋಬ್ಯಾಡ್ರಿ. ಈ ಸಲದ್ದು ಬಣ್ಣ ಬ್ಯಾರೆ, ವಾಸನಿ ಬ್ಯಾರೆ. ಏನೋ ಕಲಬೆರಕೆ ಆಗೈತ್ರಿ. ಸೊಸಿ ಕೈಗೇನಾದ್ರೂ ಕೊಟ್ಟಿದ್ರೇನು?"

ವಾಣಿ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. ಒಂದು ಮಾತು ನಿಜ ಹೇಳಿದ್ದರೆ ಮುಗಿಯುತ್ತಿತ್ತು.

"ಹೂಂ ಕಣ್ರಿ," ಎಂದೆ. "ಇನ್ನೂ ಹೊಸಬಳು. ಕಲೀತಾಳೆ."

ಹೇಳಿದ ಮೇಲೆ ನಾಚಿಕೆಯಾಯಿತು. ಮೊದಲೇ ಆಗಬೇಕಿತ್ತು. ವಾಣಿ ಒಳಗೆ ಹೋಗಿ, ಗಿರಿಯಮ್ಮನಿಗೆ ಫೋನ್ ಹಚ್ಚಿ ತಂದು ನನ್ನ ಕೈಗಿಟ್ಟಳು. "ಬಸ್‌ಸ್ಟ್ಯಾಂಡ್ ಹಿಂದಿನ ಸೊಪ್ಪೇ ತರಾಕ ಹೇಳ್ರಿ ಅತ್ತೆ," ಎಂದಳು.