ಮನೆಗೆ ಬೆನ್ನು ಹಾಕದ ಮಿಸ್ ಹೆಸ್ಟರ್

ಮಿಸ್ ಹೆಸ್ಟರ್ ಲ್ಯಾಂಗ್‌ರಿಗ್ ತಮ್ಮ ಮನೆಯಿಂದ ಹೊರಡುವಾಗ ಹಿಂದುಹಿಂದಕ್ಕೆ ನಡೆಯುತ್ತಿದ್ದರು. ಕೆಲ್ಡರ್ ಹಾಲ್‌ನ ಮುಂಬಾಗಿಲ ಮೆಟ್ಟಿಲಿಳಿದು, ವಿಸ್ತಾರವಾದ ಹುಲ್ಲುಹಾಸಿನ ಅಂಚನ್ನು ಬಳಸಿ, ಬೀಚ್ ಮರಗಳ ನೀಳವಾದ ಸಾಲಿನ ನಡುವೆ ಹೆಬ್ಬಾಗಿಲಿನವರೆಗೂ, ಮುಖವನ್ನು ಮನೆಯ ಕಡೆಗೇ ಇಟ್ಟುಕೊಂಡು, ಊರುಗೋಲಿನಿಂದ ಬೆನ್ನ ಹಿಂದಿನ ನೆಲವನ್ನು ತಡವುತ್ತ, ದೊರೆಯ ಸನ್ನಿಧಿಯಿಂದ ನಿರ್ಗಮಿಸುವ ಆಸ್ಥಾನಿಕರಂತೆ, ಒಮ್ಮೆಯೂ ಎಡವದೆ ಬರುತ್ತಿದ್ದರು. ಹೆಬ್ಬಾಗಿಲಿನ ಕಬ್ಬಿಣದ ಕದ ಮುಚ್ಚಿಕೊಂಡಿತೆಂದರೆ ಸರಕ್ಕನೆ ತಿರುಗಿ, ಎಲ್ಲರ ಹಾಗೆ ನಡೆದು, ಅಂಚೆಕಚೇರಿಯ ಅಂಗಡಿಯಲ್ಲಿ ಚಹಾಪುಡಿ ಕೊಳ್ಳುತ್ತಿದ್ದರು.

ಯಾರ್ಕ್‌ಷೈರಿನ ಆ ಕಣಿವೆಗೆ ನಾನು ವೈದ್ಯನಾಗಿ ಹೋದದ್ದು ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ. ಅಷ್ಟರಲ್ಲಾಗಲೇ ಈ ನಡಿಗೆಯನ್ನು ಕಂಡು ಬೆರಗಾಗುವುದನ್ನು ಊರು ಬಿಟ್ಟುಬಿಟ್ಟಿತ್ತು. ಅಂಚೆಕಚೇರಿಯ ಬರ್ತಾ ಒಟ್‌ವೇ, ಊರಿನ ಸಕಲ ಸಮಾರಂಭಗಳ ಅಘೋಷಿತ ಯಜಮಾನತಿ, ನನಗೆ ಹೇಳಿದ್ದಳು: “ಅವರ ಲೆಕ್ಕದಲ್ಲಿ ಉಲ್ಟಾ ನಡೆಯೋರು ನಾವೇ ಡಾಕ್ಟ್ರೇ. ಒಂದಲ್ಲ ಒಂದಿನ ಬಿದ್ದು ಸೊಂಟ ಮುರ್ಕೋತಾರೆ, ನಿಮಗೂ ಒಂದು ಕೆಲಸ ಆಗುತ್ತೆ ಬಿಡಿ.” ಅವರು ಬೀಳಲಿಲ್ಲ. ಮುಂದೆ ನೋಡಿ ನಡೆಯುವವರ ಸೊಂಟಗಳೇ ನನ್ನ ಬಳಿ ಬರುತ್ತಿದ್ದವು.

ತೆಳ್ಳನೆಯ, ನೆಟ್ಟನೆಯ ಆಕೃತಿ; ಎಲ್ಲ ಋತುಗಳಲ್ಲೂ ಅದನ್ನು ಮುಚ್ಚಿದ್ದ ಒಂದೇ ಕೋಟು. ತಂದೆಯದಂತೆ, ಕಣಕಾಲಿನವರೆಗೂ ಇಳಿಬಿದ್ದ ಉಣ್ಣೆಯ ಕೋಟು. ಅದರ ಜೇಬುಗಳಲ್ಲಿ ಹುರಿಹಗ್ಗ, ಗುಲಾಬಿ ಕತ್ತರಿ, ಎಂದೋ ಸತ್ತ ನಾಯಿಗೆಂದು ಇಟ್ಟುಕೊಂಡ ಬಿಸ್ಕತ್ತಿನ ಪುಡಿ. ಹಿಂದಕ್ಕೆ ನಡೆಯುವಾಗ ತುಟಿಗಳು ಅಲುಗುತ್ತಿದ್ದವು. ಪ್ರಾರ್ಥನೆ ಇರಬೇಕೆಂದು ನಾನು ಬಹಳ ಕಾಲ ಭಾವಿಸಿದ್ದೆ. ಬೆಚ್ಚಿದ ಕುದುರೆಯನ್ನು ಸಂತೈಸುವ ದನಿಯಲ್ಲಿ ಅವರು ಹೇಳುತ್ತಿದ್ದುದು, “ನಿಲ್ಲು. ನಿಲ್ಲು. ಹಾಗೇ ಇರು” ಎಂದು.

ಮೊದಲ ಸಲ ಭುಜದ ನೋವಿಗೆ ಔಷಧ ಕೊಡಲು ಹೋದಾಗ ಜಗಲಿಯ ಮೇಲೆ ಚಹಾ ಕೊಟ್ಟರು, ಜೀರಿಗೆ ಹಾಕಿದ ಕೇಕು ಕೊಟ್ಟರು, ತೋಟವನ್ನು ಕುರಿತು ಸೊಗಸಾಗಿ ಮಾತನಾಡಿದರು. ಮನೆಯ ಹಿಂದೆ ಗುಲಾಬಿ, ಪೇರು, ಗೋಡೆಗೆ ಹಬ್ಬಿಸಿದ ಪ್ಲಮ್ ಎಲ್ಲವೂ ಉಕ್ಕುತ್ತಿದ್ದವು. ಮುಂದಿನ ಹುಲ್ಲುಹಾಸಿನ ಮೇಲೆ ಮಾತ್ರ ಒಂದು ಕುರ್ಚಿಯಿಲ್ಲ, ಒಂದು ಹೂವಿನ ಮಡಿಯಿಲ್ಲ. ತೋಟಗಾರರ ದಂಡಿನಲ್ಲಿ ಕಡೆಗೆ ಉಳಿದಿದ್ದ ಸೇತ್ ಟಿಂಡಲ್ ಅಲ್ಲಿ ಹುಲ್ಲು ಕತ್ತರಿಸುವಾಗ ಮಿಸ್ ಹೆಸ್ಟರ್ ಪಕ್ಕದಲ್ಲಿ ಕಾವಲು ನಿಲ್ಲುತ್ತಿದ್ದರು. ನಾನು ಹೊರಡಲು ತಿರುಗಿದ್ದೇ ತಡ, ಅವರ ದನಿ ಚುಚ್ಚಿತು.

“ತಿರುಗ್ಬೇಡಿ ಡಾಕ್ಟ್ರೇ! ಹಾಗೇ ಹಿಂದಕ್ಕೆ ಹೆಜ್ಜೆ ಹಾಕಿ. ದಾರಿ ನಾನು ಹೇಳ್ತೀನಿ. ಸ್ವಲ್ಪ ಎಡಕ್ಕೆ... ಹ್ಞಾಂ, ಹಾಗೆ.”

ಶಿಷ್ಟಾಚಾರಕ್ಕೆಂದು ಪಾಲಿಸಿದೆ, ಒಳಗೊಳಗೇ ನಗುತ್ತ. ಮರಗಳ ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ನಗು ನಿಂತಿತ್ತು. ನಾವು ಮನೆಗಳನ್ನು ಸಮೀಪಿಸುತ್ತ ನೋಡುತ್ತೇವೆಯೇ ಹೊರತು ಅಗಲುತ್ತ ನೋಡುವುದಿಲ್ಲ. ಬೂದುಗಲ್ಲಿನ ಆ ಮಹಾಭವನ ತನ್ನ ಕಿಟಕಿಗಳ ಸಾಲನ್ನೆಲ್ಲ ನನ್ನತ್ತ ತೆರೆದು ನಿಂತಿತ್ತು. ಕಲ್ಲಿಗೆ ಸಹಜವಾದ ನಿಶ್ಚಲತೆಯಾಗಿರಲಿಲ್ಲ ಅದು. ಅಲುಗಾಡಿದರೆ ಸಿಕ್ಕಿಬಿದ್ದೇನೆಂದು ಉಸಿರು ಬಿಗಿಹಿಡಿದ ಯಾವುದೋ ಜೀವದ ನಿಶ್ಚಲತೆ.

ಕಾರಣವನ್ನು ಅವರೇ ಹೇಳಿದರು, ಒಂದು ಶರತ್ಕಾಲದ ಮಧ್ಯಾಹ್ನ, ಗುಲಾಬಿಯ ಒಣಗಿದ ಹೂಗಳನ್ನು ಕತ್ತರಿಸುತ್ತ. ಚಿಕ್ಕಂದಿನಲ್ಲಿ ಅವರೂ ಅವರ ತಮ್ಮ ಆಬ್ರಿಯೂ ಆ ಹುಲ್ಲುಹಾಸಿನ ಮೇಲೆ ‘ಅಜ್ಜಿಯ ಹೆಜ್ಜೆ’ ಆಡುತ್ತಿದ್ದರು. ಒಬ್ಬರು ಅಜ್ಜಿಯಾಗಿ ಬೆನ್ನು ಮಾಡಿ ನಿಲ್ಲಬೇಕು. ಇನ್ನೊಬ್ಬರು ಹಿಂದಿನಿಂದ ಕಳ್ಳಹೆಜ್ಜೆಯಲ್ಲಿ ಬರಬೇಕು. ಅಜ್ಜಿ ತಿರುಗಿದಾಗ ಅಲುಗಿದವರು ಸೋತಂತೆ.

“ಅವತ್ತು ನಾನು ಅಜ್ಜಿ. ಆಬ್ರಿ ಮನೆ ಕಡೆಯಿಂದ ಬರ್ಬೇಕಿತ್ತು. ಅವನು ನಗು ತಡ್ಕೊಳ್ಳೋದು ಕೇಳಿಸ್ತು. ತಿರುಗಿದೆ. ಆಬ್ರಿ ಇರ್ಲಿಲ್ಲ.”

“ಮತ್ತೆ?”

ಕತ್ತರಿ ಒಂದು ಕ್ಷಣ ನಿಂತಿತು. “ಮನೆ ಹತ್ತಿರ ಬಂದಿತ್ತು.”

ಕೆರೆಯ ನೀರನ್ನು ಬಸಿದರು, ಗುಡ್ಡಗಳನ್ನು ಶೋಧಿಸಿದರು, ಹುಡುಗ ಸಿಗಲಿಲ್ಲ. ತಾಯಿ ಆ ದುಃಖದಲ್ಲೇ ಹೋದರು, ತಂದೆ ಮಾತು ಬಿಟ್ಟು ಬದುಕಿದರು. ಹೆಸ್ಟರ್ ಅಂದಿನಿಂದ ಬೆನ್ನು ತಿರುಗಿಸಲಿಲ್ಲ.

“ಇಷ್ಟು ಭಯ ಇದ್ಮೇಲೆ ಬಿಟ್ಟು ಹೋಗ್ಬಹುದಲ್ಲ?” ಎಂದೆ.

“ನಾನು ಹೋದ್ರೆ ಇದನ್ನ ಯಾರು ನೋಡ್ಕೋತಾರೆ?”

ಮನೆ ನೋಡಿಕೊಳ್ಳುವುದೆಂದರೆ ಸೋರುವ ಮಾಡು ಸರಿಪಡಿಸುವುದು, ನೆಲ ಒರೆಸುವುದು ಎಂದಷ್ಟೇ ನಾನು ತಿಳಿದಿದ್ದೆ. ಅವರು ಆ ಮಾತನ್ನು ಅಕ್ಷರಶಃ ಬಾಳುತ್ತಿದ್ದರು.

ಹೊಸ ರಾಣಿಯ ಪಟ್ಟಾಭಿಷೇಕವಾದ ವರ್ಷ ಬೇಸಿಗೆಯೆಲ್ಲ ಮಳೆ ಹೊಯ್ಯಿತು. ಪಟ್ಟಾಭಿಷೇಕದ ಸಂಭ್ರಮದಲ್ಲಿ ಊರಿನ ಮಕ್ಕಳಿಗೆ ಕೊಡಲಿದ್ದ ಔತಣಕ್ಕೆಂದು ಗೊತ್ತುಮಾಡಿದ್ದ ಹೊಳೆದಂಡೆಯ ಹುಲ್ಲುಗಾವಲು ಕೆಸರಾಯಿತು. ಬರ್ತಾ ಟೋಪಿ ಏರಿಸಿಕೊಂಡು ಕೆಲ್ಡರ್ ಹಾಲ್‌ಗೆ ಹೊರಟಳು. ಹೇಗೂ ಮಿಸ್ ಹೆಸ್ಟರ್‌ರ ಭುಜ ನೋಡಬೇಕಿದ್ದ ನಾನೂ ಜೊತೆಗೆ ಹೋದೆ.

“ಮಕ್ಕಳು ಕೆಸರಲ್ಲಿ ಕೂತು ಕೇಕ್ ತಿನ್ಬೇಕಾ ಮಿಸ್ ಹೆಸ್ಟರ್? ನಿಮ್ಮ ಹುಲ್ಲೇನು ಸವೆದು ಹೋಗುತ್ತಾ?”

“ಹುಲ್ಲಿನ ಚಿಂತೆ ಅಲ್ಲ ಬರ್ತಾ.”

“ಮತ್ತಿನ್ನೇನು? ಈ ಊರಲ್ಲಿ ಮಕ್ಕಳು ನಗೋದು ಕೇಳಿದ್ರೆ ನಿಮಗೆ ಆಗಲ್ಲ ಅಂತ ಜನ ಆಡ್ಕೋತಾರೆ. ನಾನಲ್ಲ, ಜನ.”

ಆ ಮಾತು ನಾಟಿತು. ಮಿಸ್ ಹೆಸ್ಟರ್ ಒಪ್ಪಿದರು. ಒಂದೇ ಷರತ್ತು: ಮುಗಿಯುವವರೆಗೂ ತಾವು ಮನೆಯತ್ತ ಮುಖಮಾಡಿ ನಿಂತಿರಬೇಕು.

ಆ ದಿನ ಆಶ್ಚರ್ಯವೆಂಬಂತೆ ಬಿಸಿಲು ಬಂತು. ಉದ್ದನೆಯ ಮೇಜುಗಳು, ಬಣ್ಣದ ಬಾವುಟಗಳು, ಕಾಗದದ ಕಿರೀಟ ತೊಟ್ಟ ಮಕ್ಕಳು, ನಡುಗುವ ಕೆಂಪು ಜೆಲ್ಲಿ. ಎಲ್ಲರ ನಡುವೆ, ಎಲ್ಲರಿಗೂ ಬೆನ್ನಾಗಿ, ಸೆಕೆಯಲ್ಲೂ ಆ ಕೋಟು ತೊಟ್ಟು, ಮಿಸ್ ಹೆಸ್ಟರ್ ಮನೆಯನ್ನು ದಿಟ್ಟಿಸುತ್ತ ನಿಂತಿದ್ದರು. ಮಕ್ಕಳು ಅವರ ಹಿಂದೆ ಹಿಮ್ಮುಖವಾಗಿ ನಡೆದು ಅಣಕಿಸಿ ನಕ್ಕರು.

“ಬನ್ನಿ, ಒಂದು ಕಪ್ ಚಹಾ ಕುಡೀರಿ,” ಎಂದು ಬರ್ತಾ ಕೂಗಿದಳು. “ಮನೆ ಎಲ್ಲಿಗೂ ಓಡಿಹೋಗಲ್ಲ!”

“ಓಡಿಹೋಗುತ್ತೆ ಅಂತ ನನಗೆ ಭಯ ಇಲ್ಲ,” ಎಂದರು ಮಿಸ್ ಹೆಸ್ಟರ್, ತಿರುಗದೆ.

ಸ್ವಲ್ಪ ಹೊತ್ತಿನ ಮೇಲೆ ಅವರ ‘ನಿಲ್ಲು, ನಿಲ್ಲು’ ಜೋರಾಗತೊಡಗಿತು. ನಾನು ಮನೆಯತ್ತ ನೋಡಿದೆ; ನನಗೇನೂ ಕಾಣಲಿಲ್ಲ. ಅವರು “ಎದ್ದೇಳಿ! ಗೇಟಿನ ಕಡೆ ಓಡಿ ಎಲ್ಲರೂ!” ಎಂದು ಚೀರಿದರು. ಯಾರೂ ಏಳಲಿಲ್ಲ; ಯಾರೋ ಕಿಸಕ್ಕನೆ ನಕ್ಕರು. ಆಗ ಅವರು ಅರ್ಧ ಶತಮಾನದಲ್ಲಿ ಮಾಡದಿದ್ದುದನ್ನು ಮಾಡಿದರು. ಮನೆಗೆ ಬೆನ್ನು ತಿರುಗಿಸಿ, ಕೂದಲು ಕೆದರಿ, ಊರುಗೋಲು ಬೀಸುತ್ತ ಮಕ್ಕಳ ಮೇಲೆ ನುಗ್ಗಿದರು. ಮೇಜುಬಟ್ಟೆಗಳನ್ನು ಹಿಡಿದೆಳೆದರು. ಪಿಂಗಾಣಿ ಪುಡಿಪುಡಿಯಾಯಿತು. ಹುಚ್ಚಿ ಬಂದಳೆಂದು ಮಕ್ಕಳು ಕಿರುಚಿ ಗೇಟಿನತ್ತ ಓಡಿದರು; ಮಕ್ಕಳನ್ನು ಕಾಯಲು ತಾಯಂದಿರು ಓಡಿದರು; ತಾಯಂದಿರ ಹಿಂದೆ ನಾವೆಲ್ಲ.

ಬೆನ್ನ ಹಿಂದೆ ಕೇಳಿಸಿದ್ದು ಸಿಡಿಲಲ್ಲ, ಒಂದು ದೀರ್ಘ ನಿಟ್ಟುಸಿರು. ತಿರುಗಿ ನೋಡಿದರೆ ಹುಲ್ಲುಹಾಸಿನ ನಡುಭಾಗ ಮೇಜುಗಳ ಸಮೇತ ಇಲ್ಲವಾಗಿತ್ತು. ಜಗಲಿ ಆ ಹೊಂಡದೊಳಕ್ಕೆ ಜಾರುತ್ತಿತ್ತು. ಅದರ ಹಿಂದೆ ಕೆಲ್ಡರ್ ಹಾಲ್‌ನ ಮುಂಗೋಡೆ, ಒಂದು ಕಿಟಕಿಯೂ ಒಡೆಯದೆ, ನೆಟ್ಟಗೆ ನಿಂತಂತೆಯೇ, ನಮ್ಮ ಕಡೆಗೆ ಒಂದು ಹೆಜ್ಜೆ ಇಟ್ಟು ನಿಂತಿತು.

ಬಂದ ಇಂಜಿನಿಯರುಗಳಿಗೆ ವಿವರಣೆಯಿತ್ತು. ಅಡಿಯಲ್ಲಿ ಮರೆತುಹೋದ ಹಳೆಯ ಸೀಸದ ಗಣಿ. ಮಳೆ ಕುಡಿದ ಗುಡ್ಡ. ವರ್ಷವರ್ಷವೂ ಕೂದಲೆಳೆಯಷ್ಟು ಇಳಿಜಾರಿಗೆ ಸರಿಯುತ್ತ ಬಂದ ಕಟ್ಟಡ. ಹೊಂಡದ ಒಂದು ಮಗ್ಗುಲಲ್ಲಿ, ಎಂದೋ ಕುಸಿದು ಮತ್ತೆ ಮುಚ್ಚಿಕೊಂಡಿದ್ದ ಕಿರಿದಾದ ಬಿರುಕಿನಲ್ಲಿ, ಒಂದು ಮಗುವಿನ ಎಲುಬುಗಳೂ ಒಂದು ಬಕಲಿನ ಬೂಟೂ ದೊರೆತವು. ಆಬ್ರಿಯನ್ನು ಚರ್ಚಿನ ಅಂಗಳದಲ್ಲಿ ಹೂಳಿದೆವು. ಬರ್ತಾ ಮಿಸ್ ಹೆಸ್ಟರ್‌ರ ಎರಡೂ ಕೈ ಹಿಡಿದು ಅತ್ತಳು: “ನೀವು ತಿರುಗಿ ಬರದೇ ಇದ್ದಿದ್ರೆ ನಮ್ಮ ಮಕ್ಕಳು...”

“ನಾನು ತಿರುಗಿದ್ದಕ್ಕೇ ಅದು ಬಂತು ಬರ್ತಾ,” ಎಂದರು ಅವರು, ಬಲು ಮೃದುವಾಗಿ.

ಯಾರ ಮಾತು ನಿಜವೆಂದು ಇಂದಿಗೂ ನಾನು ಹೇಳಲಾರೆ. ಸಮಾಧಿಯಿಂದ ಹಿಂದಿರುಗುವಾಗ, ಇನ್ನಾದರೂ ನಿಶ್ಚಿಂತೆಯಾಗಿರಬಹುದಲ್ಲ ಎಂದು ಕೇಳಿದ್ದೆ. “ಅದು ಏನು ತಿಂದಿತ್ತು ಅಂತ ಗೊತ್ತಾಯ್ತು, ಅಷ್ಟೇ ಡಾಕ್ಟ್ರೇ. ಹಸಿವು ತೀರಿದೆ ಅಂತ ನಿಮಗೆ ಯಾರು ಹೇಳಿದ್ರು?”

ಪಾಳುಬಿದ್ದ ಮನೆಯನ್ನು ತೊರೆದು ಮಿಸ್ ಹೆಸ್ಟರ್ ಹೆಬ್ಬಾಗಿಲ ಬಳಿಯ ಕಾವಲುಮನೆಗೆ ಬಂದರು. ಕುರ್ಚಿಯನ್ನು ಮರಗಳ ಸಾಲಿನಾಚೆ ಮನೆ ಕಾಣುವ ಕಿಟಕಿಗೆ ಎಳೆಸಿಕೊಂಡರು. ಅವರನ್ನು ಕಂಡರೆ ಕಿರುಚಿ ಓಡಿದ್ದ ಮಕ್ಕಳು ಈಗ ಕೇಕು ಹಿಡಿದು ಬರುತ್ತಿದ್ದರು. ಅವರು ಕಿಟಕಿಯಿಂದ ಕಣ್ಣು ಕೀಳದೆಯೇ ಆ ಮಕ್ಕಳಿಗೆ ಕಥೆ ಹೇಳುತ್ತಿದ್ದರು, ಗಟ್ಟಿಯಾಗಿ ನಗುತ್ತಲೂ ಇದ್ದರು. ಒಂದು ಫೆಬ್ರವರಿಯ ಮುಂಜಾನೆ ಸೇತ್ ಬಂದು ನನ್ನನ್ನು ಕರೆದೊಯ್ದ. ಕುರ್ಚಿಯಲ್ಲೇ ಹೋಗಿದ್ದರು, ಕಣ್ಣು ತೆರೆದೇ ಇತ್ತು. ವೃತ್ತಿಯಲ್ಲಿ ಎಷ್ಟೋ ಕಣ್ಣುಗಳನ್ನು ಮುಚ್ಚಿದ ಕೈ ನನ್ನದು. ಅಂದು ಅದು ನಡುದಾರಿಯಲ್ಲೇ ನಿಂತಿತು. ಸೇತ್ ಏನನ್ನೂ ಕೇಳದೆ ಕಿಟಕಿಯ ಬಳಿ ಹೋಗಿ ಮನೆಯತ್ತ ನೋಡುತ್ತ ನಿಂತ. ಆಮೇಲೆ ನಾನು ಅವರ ಕಣ್ಣು ಮುಚ್ಚಿದೆ.

ನಾವು ನಿಶ್ಚಲವೆಂದು ನಂಬಿ ಊಟದ ಮೇಜು ಹಾಕಿಕೊಂಡ ನೆಲದ ಮೇಲೆ ಕಣ್ಣಿಟ್ಟು ಕೂತವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಅವರು ಕಾಯುತ್ತಿರುವಷ್ಟು ಕಾಲ ಏನೂ ಸಂಭವಿಸುವುದಿಲ್ಲ. ಏನೂ ಸಂಭವಿಸದಿರುವುದನ್ನೇ ಅವರ ಹುಚ್ಚಿಗೆ ಸಾಕ್ಷಿಯಾಗಿ ನಾವು ತೋರಿಸುತ್ತೇವೆ. ಅವರ ಭಯ ಸುಳ್ಳೋ ನಿಜವೋ ಎಂಬುದನ್ನು ಅರಿಯಲು ನಮಗಿರುವ ದಾರಿ ಒಂದೇ, ಅವರು ಕಣ್ಣು ಮುಚ್ಚಬೇಕು. ಆ ತಿಳಿವಳಿಕೆಗಾಗಿ ಅವಸರಪಟ್ಟವರನ್ನು ಮಾತ್ರ ಕೆಲ್ಡರ್ ಕಣಿವೆಯಲ್ಲಿ ಆಮೇಲೆ ನಾನು ಕಾಣಲಿಲ್ಲ.