ಮೂವತ್ತೆರಡು ಪಾದಗಳ ಪೆಟ್ಟಿಗೆ

ಅರವತ್ತೊಂದನೇ ವಯಸ್ಸಿನಲ್ಲಿ ನಮ್ಮವರಿಗೆ ಹೊಲಿಗೆ ಕಲಿಯುವ ಹುಚ್ಚು ಹಿಡಿಯಿತು. ದರ್ಜಿಯೊಬ್ಬಳ ಜೊತೆ ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ ಮನುಷ್ಯ. ಅಂಗಿಯ ಗುಂಡಿ ಕಿತ್ತುಬಂದರೆ ಅಂಗಿಯನ್ನು ನನ್ನ ತೊಡೆಯ ಮೇಲೆ ಎಸೆದು ಪೇಪರ್ ಓದಲು ಹೋಗುವ ಪೈಕಿ. ಅಂಥವರು ಒಂದು ಬೆಳಿಗ್ಗೆ ಟೀ ಲೋಟ ಕೆಳಗಿಟ್ಟು, "ನಾನೂ ಒಂದು ಹೊಲಿಗೆ ಮಷೀನ್ ತಗೊಳ್ಳೋಣ ಅಂತಿದ್ದೀನಿ ಕಣೆ. ಹೊಸಬರಿಗೆ ಯಾವುದು ಒಳ್ಳೇದು, ನೀನೇ ಬಂದು ಆರಿಸಿಕೊಡು" ಅಂದರು.

"ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಮಗೆ ಒಂದು ವರ್ಷ ತಡವಾಗಿ ಬಂತು ನೋಡಿ," ಅಂದೆ.

ಅವರದು ಗಡಿಯಾರ ರಿಪೇರಿ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳಿನಷ್ಟು ಸ್ಕ್ರೂವನ್ನು ಚಿಮುಟದಲ್ಲಿ ಹಿಡಿದರೆ ಪಕ್ಕದಲ್ಲಿ ಲಾರಿ ಹೋದರೂ ಆ ಕೈ ಅಲುಗುವುದಿಲ್ಲ. ಆದರೆ ಈಗ ಎಲ್ಲರೂ ಫೋನಿನಲ್ಲೇ ಟೈಮು ನೋಡುತ್ತಾರೆ. ಅಂಗಡಿಯಲ್ಲಿ ಕೂತು ನೊಣ ಹೊಡೆದು ಹೊಡೆದು ಬೇಜಾರಾಗಿ ನನ್ನ ಕಸುಬಿಗೆ ಕೈ ಹಾಕಿದ್ದಾರೆ ಅಂದುಕೊಂಡೆ.

ಬಾಯಲ್ಲಿ ತಮಾಷೆ ಮಾಡಿದೆನಾದರೂ ಒಳಗೆ ಹೆದರಿದ್ದೆ. ಯಾಕೆಂದರೆ ಎಂಟು ತಿಂಗಳಿಂದ ನನ್ನ ಬಲಗೈ ನಡುಗುತ್ತಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ.

ಕಣ್ಣು ತೋರಿಸಿಕೊಂಡು ಬರುತ್ತೇನೆ ಅಂತ ಸುಳ್ಳು ಹೇಳಿ ಡಾಕ್ಟರ ಹತ್ತಿರ ಹೋಗಿಬಂದಿದ್ದೆ. ಪ್ರಾಣಕ್ಕೇನೂ ಭಯವಿಲ್ಲ, ಹೀಗೇ ಇರುತ್ತದೆ, ವಿಶ್ರಾಂತಿ ತೆಗೆದುಕೊಳ್ಳಿ ಅಂದರು. ಕುರ್ಚಿಯಲ್ಲಿ ಕೂತು ಬೇರೆಯವರಿಗೆ ವಿಶ್ರಾಂತಿ ಹೇಳುವುದು ಬಹಳ ಸುಲಭ. ನಾನು ವಿಶ್ರಾಂತಿಯ ಬದಲು ಉಪಾಯ ಮಾಡಿದೆ. ಹೊಲಿಗೆ ಸೊಟ್ಟಗಾದರೆ ಬಿಚ್ಚುವುದು, ಮತ್ತೆ ಹೊಲಿಯುವುದು, ಮತ್ತೆ ಬಿಚ್ಚುವುದು. ಕಾಲರ್ ಕೆಲಸ ಬಂದರೆ "ತುಂಬಾ ಆರ್ಡರ್ ಇದೆ" ಅಂತ ಹಿಂದಿನ ರಸ್ತೆಯ ದರ್ಜಿಗೆ ದಾಟಿಸುವುದು. ಲೋಟದ ತುಂಬ ಟೀ ತಂದರೆ ದಾರಿಯಲ್ಲೇ ಚೆಲ್ಲುತ್ತಿತ್ತು. ಹಾಗಾಗಿ ಇವರಿಗೆ "ಈ ವಯಸ್ಸಿಗೆ ಅಷ್ಟು ಸಕ್ಕರೆ ಒಳ್ಳೇದಲ್ಲ" ಅಂತ ಉಪದೇಶ ಮಾಡಿ ಅರ್ಧ ಲೋಟಕ್ಕೆ ಇಳಿಸಿದ್ದೆ. ಪಾಪ, ಎರಡು ಮಾತಾಡದೆ ಕುಡಿಯುತ್ತಿದ್ದರು.

ದರ್ಜಿಯ ಕೈ ನಡುಗುತ್ತದೆ ಅಂತ ಸುದ್ದಿಯಾದರೆ ಮುಗಿಯಿತು. ಮೊದಲು "ಅಯ್ಯೋ ಪಾಪ" ಅನ್ನುತ್ತಾರೆ, ಮರುದಿನ ಬಟ್ಟೆಯನ್ನು ಬೇರೆ ಕಡೆ ಕೊಡುತ್ತಾರೆ. ನಮ್ಮವರಂತೂ ಪ್ರೀತಿಯಿಂದಲೇ "ಸಾಕು ಬಿಡು, ಎಷ್ಟು ದುಡಿದೆ" ಅಂದುಬಿಡುತ್ತಾರೆ. ಆ ಪ್ರೀತಿಯದೇ ನನಗೆ ಹೆಚ್ಚು ಭಯ. ಹದಿನೇಳನೇ ವಯಸ್ಸಿಗೆ ಮಷೀನಿನ ಮುಂದೆ ಕೂತವಳು ನಾನು. ಅಲ್ಲಿಂದ ಎದ್ದರೆ ಎಲ್ಲಿ ಕೂರಬೇಕು ಅಂತ ನನಗೆ ಗೊತ್ತಿಲ್ಲ. ಈಗ ಈ ಮನುಷ್ಯ ನನ್ನ ಚಿಕ್ಕ ಕೋಣೆಯಲ್ಲಿ, ನನ್ನ ಪಕ್ಕದಲ್ಲೇ, ಆ ಭೂತಗನ್ನಡಿ ಕಣ್ಣು ಇಟ್ಟುಕೊಂಡು ದಿನವಿಡೀ ಕೂತರೆ ನನ್ನ ಗುಟ್ಟು ಒಂದು ದಿನವೂ ಉಳಿಯುವುದಿಲ್ಲ.

ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ. ಅದಕ್ಕೇ ಹೂಂ ಅಂದೆ. ಅಂಗಡಿಯಲ್ಲಿರುವ ಅತ್ಯಂತ ತಲೆಕೆಟ್ಟ ಮಷೀನನ್ನೇ ಇವರ ಕೊರಳಿಗೆ ಕಟ್ಟುವುದು, ವಾರದೊಳಗೆ ಕೈಮುಗಿದು ಅಟ್ಟಕ್ಕೆ ಹಾಕುತ್ತಾರೆ ಅನ್ನುವುದು ನನ್ನ ಲೆಕ್ಕ. ನಾಚಿಕೆಗೇಡಿನ ಲೆಕ್ಕವೇ. ಒಪ್ಪಿಕೊಳ್ಳುತ್ತೇನೆ.

ಮಷೀನ್ ಅಂಗಡಿಯವನಿಗೆ ಮೂವತ್ತೈದಿರಬಹುದು. ಕತ್ತಿಗೆ ಅಳತೆ ಟೇಪು ಹಾಕಿಕೊಂಡಿದ್ದ. ಜೀವಮಾನದಲ್ಲಿ ಒಂದು ತಲೆದಿಂಬಿನ ಚೀಲ ಹೊಲಿದವನಲ್ಲ ಅಂತ ಟೇಪು ಹಾಕಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ನಮ್ಮನ್ನು ನೇರವಾಗಿ ಕಿಟಕಿಯ ಹತ್ತಿರದ ದೊಡ್ಡ ಬಿಳಿ ಮಷೀನಿನ ಮುಂದೆ ನಿಲ್ಲಿಸಿದ.

"ಹೊಸಬರಿಗೆ ಇದೇ ಬೆಸ್ಟ್ ಸಾರ್. ಇನ್ನೂರು ತರಹದ ಹೊಲಿಗೆ. ಬಾತುಕೋಳಿ ಸಾಲು ಕೂಡ ಬರುತ್ತೆ."

"ಬಾತುಕೋಳಿ ಯಾಕೆ?" ಅಂತ ಇವರು ಕೇಳಿದರು.

"ಬೇಕಾಗುತ್ತೆ ಸಾರ್."

ಒಂದು ತುಂಡು ಬಟ್ಟೆ ಇಟ್ಟು ಪೆಡಲ್ ಒತ್ತಿದ. ಗೆರೆ ಎಳೆದ ಹಾಗೆ ಹೊಲಿಗೆ ಬಿತ್ತು. ಬೀಳದೆ ಏನು? ಅದು ಗಂಜಿ ಹಾಕಿ ರಟ್ಟಿನಂತೆ ಮಾಡಿಟ್ಟ ಹತ್ತಿ ಬಟ್ಟೆ. ಅಂಗಡಿಗಳಲ್ಲಿ ಅದನ್ನು ಇದಕ್ಕೆಂದೇ ಇಟ್ಟಿರುತ್ತಾರೆ. ಗಂಜಿ ಬಟ್ಟೆಯ ಮೇಲೆ ಕೋಣ ಕೂತು ಹೊಲಿದರೂ ನೇರ ಹೋಗುತ್ತದೆ. ಮಷೀನ್ ಕೊಳ್ಳುವವರು ತಾವು ಹೊಲಿಯುವ ಬಟ್ಟೆಯನ್ನು ಮನೆಯಿಂದ ತಂದು ಅದರ ಮೇಲೆ ಹೊಲಿದು ನೋಡಬೇಕು. ನನ್ನ ಗುರು ಹೇಳಿಕೊಟ್ಟ ಮೊದಲ ಪಾಠ ಅದು, ನನ್ನ ಕೈಕೆಳಗೆ ಕಲಿತವರಿಗೆಲ್ಲ ನಾನು ಹೇಳಿದ ಪಾಠವೂ ಅದೇ. ಆ ದಿನ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ನಿಂತೆ.

ಅವನು ಒಂದು ಪೆಟ್ಟಿಗೆ ತೆರೆದ. ಸೂಜಿಯ ಕೆಳಗೆ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದಗಳು ಸಾಲಾಗಿ ಮಲಗಿದ್ದವು. ನೆರಿಗೆ ಹಿಡಿಯುವ ಪಾದ, ಮಣಿ ಕೂರಿಸುವ ಪಾದ, ದಾರ ಹೆಣೆಯುವ ಪಾದ, ಒಟ್ಟು ಮೂವತ್ತೆರಡು. ಹೊಸಬರಿಗೆ ಬೇಕಾದದ್ದು ಮೂರು: ಮಾಮೂಲಿಯದು, ಜಿಪ್ಪಿನದು, ಗುಂಡಿಯ ಕಾಜದ್ದು. ಉಳಿದ ಇಪ್ಪತ್ತೊಂಬತ್ತು ಕಪಾಟಿನ ಅಂದಕ್ಕೆ. ನನ್ನ ಸ್ವಂತ ಮಷೀನಿಗೆ ನಾಲ್ಕಿವೆ, ಅದರಲ್ಲಿ ಒಂದು ಬಾಗಿಲು ಬಡಿಯದಂತೆ ಸಿಕ್ಕಿಸಲು ಬಳಕೆಯಾಗುತ್ತಿದೆ.

"ಇದನ್ನೂ ತಗೊಳ್ಳಿ," ಅಂದೆ.

"ದೇವರಿಗೇ ಎರಡು ಪಾದ," ಅಂದರು ಇವರು. "ನಿಜವಾಗ್ಲೂ ಇಷ್ಟೆಲ್ಲ ಬೇಕೇನೇ?"

"ಯಾರು ದರ್ಜಿ? ನೀವೋ ನಾನೋ?"

ಇವರು ಕನ್ನಡಕದ ಮೇಲಿಂದ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕೈಚೀಲದಿಂದ ಮಡಚಿದ ಬಟ್ಟೆಯೊಂದನ್ನು ತೆಗೆದು ಅಂಗಡಿಯವನ ಮುಂದೆ ಬಿಡಿಸಿದರು. "ಇದರ ಮೇಲೆ ಹೊಲಿದು ತೋರಿಸಪ್ಪ," ಅಂದರು.

ಕೋಟಿನ ಒಳಗೆ ಹಾಕುವ ನುಣುಪು ಬಟ್ಟೆ, ಕಡು ನೀಲಿ. ನೋಡಿದ ಕೂಡಲೇ ಗುರುತು ಸಿಕ್ಕಿತು. ಮೂರು ತಿಂಗಳ ಹಿಂದೆ ಗಿರಾಕಿಯೊಬ್ಬರ ಕೋಟಿಗೆ ಹೊಲಿಯಲು ಹೋಗಿ, ಮೂರು ಸಲ ಸೊಟ್ಟಗಾಗಿ, ಮೂರು ಸಲ ಬಿಚ್ಚಿ, ಕೊನೆಗೆ ಹೊಸ ಬಟ್ಟೆ ತಂದು ಹಾಕಿದ್ದೆ. ಹಾಳಾದದ್ದನ್ನು ಚಿಂದಿ ಚೀಲದ ತಳಕ್ಕೆ ತುರುಕಿದ್ದೆ. ದಾರವನ್ನೆಲ್ಲ ಎಳೆ ಬಿಡದೆ ಕಿತ್ತಿದ್ದೆನಲ್ಲ, ಸಾಕ್ಷಿ ಉಳಿದಿಲ್ಲ ಅಂತ ನೆಮ್ಮದಿಯಾಗಿದ್ದೆ. ಆದರೆ ಆ ನುಣುಪು ಬಟ್ಟೆಯಲ್ಲಿ ಸೂಜಿ ಒಮ್ಮೆ ಇಳಿದರೆ ತೂತು ಮುಚ್ಚುವುದಿಲ್ಲ. ನಲವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವಳಿಗೆ ಅದೊಂದು ಮರೆತುಹೋಗಿತ್ತು. ಕಿಟಕಿಯ ಬೆಳಕಿನಲ್ಲಿ ಮೂರು ಸಾಲು ತೂತು, ಹಾವು ಹರಿದ ಹಾಗೆ, ಎದ್ದು ಕಾಣುತ್ತಿದ್ದವು.

ಇವರು ನನ್ನ ಕಡೆ ತಿರುಗಲೇ ಇಲ್ಲ. ಅಂಗಡಿಯವನಿಗೆ ಹೇಳಿದರು:

"ಇದು ನಾನು ಮನೇಲಿ ಕದ್ದು ಹೊಲಿದು ನೋಡಿದ್ದು. ನನ್ನ ಕೈ ಸ್ವಲ್ಪ ನಡುಗುತ್ತೆ. ಮನೆಯವಳಿಗೂ ಇಲ್ಲಿವರೆಗೆ ಹೇಳಿರಲಿಲ್ಲ, ಸುಮ್ನೆ ಗಾಬರಿ ಆಗ್ತಾಳೆ ಅಂತ. ಕೈ ನಡುಗಿದ್ರೂ ನೇರ ಹೋಗೋ ಹಾಗೆ ಏನಾದ್ರೂ ಇದ್ಯಾ?"

ಅಂಗಡಿಯವನ ಮುಖವೇ ಬದಲಾಯಿತು. "ಮೊದಲೇ ಹೇಳಬಾರದಾ ಸಾರ್? ನಮ್ಮಮ್ಮಂಗೂ ಹಿಂಗೇ," ಅಂದ. ಬಾತುಕೋಳಿ ಮಷೀನಿಗೆ ಮುಸುಕು ಹಾಕಿ, ಕೆಳಗಿನ ಹಲಗೆಯಿಂದ ಒಂದು ಚಿಕ್ಕ ಮಷೀನನ್ನು ಎತ್ತಿಟ್ಟ. ಅದರಲ್ಲಿ ಹದಿನಾಲ್ಕೇ ಹೊಲಿಗೆ. ಆದರೆ ವೇಗವನ್ನು ಒಂದು ಗುಂಡಿಯಿಂದ ಕಟ್ಟಿಹಾಕಬಹುದು, ಎಷ್ಟು ಒತ್ತಿದರೂ ಅದಕ್ಕಿಂತ ಜೋರಾಗಿ ಓಡುವುದಿಲ್ಲ. ನಿಂತಾಗ ಸೂಜಿ ಬಟ್ಟೆಯೊಳಗೇ ನಿಲ್ಲುತ್ತದೆ, ಬಟ್ಟೆ ಜಾರುವುದಿಲ್ಲ. ದಾರ ಪೋಣಿಸಲು ಒಂದು ಕೊಕ್ಕೆ ಇದೆ. ಆಮೇಲೆ ಮೂವತ್ತೆರಡರ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿ, ಹೆಬ್ಬೆರಳುದ್ದದ ಕಬ್ಬಿಣದ ಪಟ್ಟಿಯೊಂದನ್ನು ಸೂಜಿಯ ಪಕ್ಕದಲ್ಲಿ ಸ್ಕ್ರೂ ಹಾಕಿ ನಿಲ್ಲಿಸಿದ. ಬಟ್ಟೆಯ ಅಂಚು ಆ ಪಟ್ಟಿಗೆ ಒರಗಿಕೊಂಡು ಸಾಗಿದರೆ ಆಯಿತು, ಕೈ ಅತ್ತಿತ್ತ ಹೋದರೂ ಅದು ಬಿಡುವುದಿಲ್ಲ.

"ಕೂತು ನೋಡಿ ಸಾರ್," ಅಂದ.

ಇವರು ಕೂತರು. ಈಗ ಕೈ ನಡುಗಿಸಬೇಕಲ್ಲ! ಆ ಕೈಗೆ ಅಭ್ಯಾಸವೇ ಇಲ್ಲ. ಎರಡೂ ತೋಳು ಒಟ್ಟಿಗೆ ಅಲುಗಿಸಿದರು, ಸಾಲದು ಅಂತ ಭುಜ ಅಲುಗಿಸಿದರು, ಕೊನೆಗೆ ತಲೆಯೂ ಸೇರಿಕೊಂಡು ಕನ್ನಡಕ ಮೂಗಿನ ತುದಿಗೆ ಬಂತು. ಚಳಿಜ್ವರ ಬಂದ ಕೋಳಿ ಹಾಗೇ ಇರುತ್ತದೆ. ಅಂಗಡಿಯವನು ಹೆದರಿ ನೀರು ತರಲು ಹೊರಟ.

ನನಗೆ ನಗು ತಡೆಯಲಾಗಲಿಲ್ಲ, ನಗುತ್ತಿದ್ದ ಹಾಗೇ ಕಣ್ಣಲ್ಲಿ ನೀರು ಬಂತು. ಮೂವತ್ತನಾಲ್ಕು ವರ್ಷದಲ್ಲಿ ಈ ಮನುಷ್ಯನನ್ನು ಎಷ್ಟು ಬೈದಿದ್ದೇನೆ ಅಂತ ಲೆಕ್ಕವಿಲ್ಲ. ಅದೇ ಮನುಷ್ಯ ನನ್ನ ಮರ್ಯಾದೆ ಉಳಿಸಲು, ಗುರುತಿಲ್ಲದವನ ಮುಂದೆ, ತನ್ನ ಚಿನ್ನದಂಥ ಕೈಯನ್ನು ಕೆಟ್ಟ ಕೈ ಅಂತ ಹೇಳಿಕೊಂಡು ಕೂತಿದ್ದರು.

"ಏಳ್ರೀ ಮೇಲೆ," ಅಂತ ಅವರ ಅಂಗಿಯ ಕಾಲರ್ ಹಿಡಿದು ಎಬ್ಬಿಸಿದೆ. "ಅಷ್ಟೆಲ್ಲ ನಡುಗಲ್ಲ ಅದು. ಹೆಬ್ಬೆರಳ ಹತ್ರ ಮಾತ್ರ. ಅದೂ ಬಟ್ಟೆ ತಿರುಗಿಸುವಾಗ."

ನಾನು ಕೂತೆ. ಅಂಗಡಿಯವನು ನೀರಿನ ಲೋಟ ಹಿಡಿದು, ಯಾರಿಗೆ ಕೊಡಬೇಕೋ ತಿಳಿಯದೆ, ಒಮ್ಮೆ ಇವರನ್ನು ಒಮ್ಮೆ ನನ್ನನ್ನು ನೋಡಿದ.

"ನನ್ನ ಕೈಯೇ ಕಣಪ್ಪ," ಅಂದೆ. ಎಂಟು ತಿಂಗಳು ಬಚ್ಚಿಟ್ಟಿದ್ದ ಮಾತು ಅಷ್ಟು ಸಲೀಸಾಗಿ ಬಂದುಬಿಟ್ಟಿತು. "ಆ ನೀರು ನೀನೇ ಕುಡಿ."

ನೀಲಿ ಬಟ್ಟೆಯನ್ನು ಪಟ್ಟಿಗೆ ಒರಗಿಸಿ, ಆ ಮೂರು ಸೊಟ್ಟ ಸಾಲುಗಳ ಪಕ್ಕದಲ್ಲಿ ನಾಲ್ಕನೆಯದನ್ನು ಹೊಲಿದೆ. ಹೆಬ್ಬೆರಳು ತನ್ನ ಪಾಡಿಗೆ ನಡುಗಿತು. ಹೊಲಿಗೆ ಮೆಲ್ಲಗೆ ಹೋಯಿತು, ಒಂದು ಕಡೆ ಕೂದಲೆಳೆಯಷ್ಟು ಬಾಗಿತು, ಮತ್ತೆ ನೇರವಾಗಿ ಕೊನೆ ಮುಟ್ಟಿತು. ಇವರು ಭೂತಗನ್ನಡಿ ತೆಗೆದು ನೋಡಲು ಹೋದರು. ಅದನ್ನು ಒಳಗಿಡಿ ಅಂತ ಗದರಿಸಿದೆ.

ಮಷೀನ್ ಹೊತ್ತು ಬರುವಾಗ ದಾರಿಯಲ್ಲಿ ಕೇಳಿದೆ, "ಯಾವಾಗಿಂದ ಗೊತ್ತು ನಿಮಗೆ?"

"ಟೀ ಅರ್ಧ ಲೋಟ ಆದಾಗಿಂದ," ಅಂದರು.

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ನೀನು ಹೇಳ್ತೀಯ ಅಂತ ಕಾದೆ. ನಿನ್ನ ಹಟ ಗೊತ್ತಲ್ಲ. ಹೋಗ್ಲಿ, ನಂಗೂ ಒಂದು ಗುಂಡಿ ಹೊಲಿಯೋದು ಹೇಳಿಕೊಡು."

ಮರುದಿನ ಬೆಳಿಗ್ಗೆ ಲೋಟದ ಕಂಠದವರೆಗೂ ಟೀ ತುಂಬಿ, ಕೆಳಗೊಂದು ಸಾಸರ್ ಇಟ್ಟು ತಂದೆ. ಅಡುಗೆಮನೆಯಿಂದ ಅವರ ಕುರ್ಚಿಗೆ ಬರುವಷ್ಟರಲ್ಲಿ ಕಾಲು ಭಾಗ ಸಾಸರಿಗೆ ಚೆಲ್ಲಿತ್ತು. ಅವರು ಪೇಪರ್ ಬದಿಗಿಟ್ಟು, ಲೋಟವನ್ನು ಪಕ್ಕಕ್ಕೆ ಸರಿಸಿ, ಸಾಸರಿನಲ್ಲಿದ್ದದ್ದನ್ನೇ ಮೊದಲು ಕುಡಿದರು, ಎಂದಿನ ಹಾಗೆ ಸುರ್ರೆಂದು ಅಸಹ್ಯವಾಗಿ ಸದ್ದು ಮಾಡುತ್ತಾ.